ಬಿಗಿ ಖರ್ಚಿನ ಮನೆಗೆ ಪ್ರೆಶರ್ ಕುಕ್ಕರ್: ಕೂಗು ಎಣಿಸಬೇಡಿ, ನಿಮಿಷ ಎಣಿಸಿ

ತಿಂಗಳ ಖರ್ಚನ್ನು ಹಿಡಿತಕ್ಕೆ ತರಬೇಕೆಂದು ಹೊರಟವರ ಕೈಯಲ್ಲಿ ಅಡುಗೆಮನೆಗೆ ಒಂದೇ ಒಂದು ಸಾಮಾನು ಕೊಳ್ಳುವಷ್ಟು ದುಡ್ಡಿದ್ದರೆ, ಅದು ಪ್ರೆಶರ್ ಕುಕ್ಕರಿಗೆ ಹೋಗಲಿ. ಈ ಮಾತು ಹೊಸದೇನಲ್ಲ. ಆದರೆ ಕುಕ್ಕರ್ ಇರುವ ಮನೆಯಲ್ಲೂ ಉಳಿಯಬೇಕಾದ ಇಂಧನ ವಿಷಲ್ ದಾರಿಯಲ್ಲಿ ಹೊರಗೆ ಹೋಗುತ್ತಿರುತ್ತದೆ. ಗ್ಯಾಸ್ಕೆಟ್ ಎನ್ನುವ ಒಂದು ರಬ್ಬರ್ ಬಳೆ ಸಡಿಲವಾಯಿತೆಂದು ಇಡೀ ಕುಕ್ಕರ್ ಗುಜರಿ ಸೇರುತ್ತದೆ. ಹಾಗಾಗಿ ಇಲ್ಲಿ ಯಾವ ಬಗೆಯದನ್ನು ಕೊಳ್ಳಬೇಕು ಎಂಬುದರ ಜೊತೆಗೆ, ಕೊಂಡದ್ದನ್ನು ಹೇಗೆ ದುಡಿಸಿಕೊಳ್ಳಬೇಕು, ಅದು ಎಲ್ಲಿ ಕೈಕೊಡುತ್ತದೆ, ಯಾಕೆ ಎಂಬುದನ್ನೂ ಬಿಡಿಸಿ ಹೇಳಬೇಕು.

ಮೊದಲು ಅದರ ಕೆಲಸ ನೋಡೋಣ. ತೆರೆದ ಪಾತ್ರೆಯಲ್ಲಿ ನೀರು 100 ಡಿಗ್ರಿ ಸೆಲ್ಸಿಯಸ್ ದಾಟುವುದಿಲ್ಲ. ಒಮ್ಮೆ ಕುದಿ ಬಂದ ಮೇಲೆ ಉರಿ ಎಷ್ಟೇ ಜೋರು ಮಾಡಿದರೂ ನೀರು ಬೇಗ ಆವಿಯಾಗುತ್ತದೆಯೇ ಹೊರತು ಕಾಳು ಬೇಗ ಬೇಯುವುದಿಲ್ಲ. ಕುಕ್ಕರಿನ ಒಳಗೆ ಹೊರಗಿನ ಗಾಳಿಗಿಂತ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 1 ಕಿಲೋ ಹೆಚ್ಚು ಒತ್ತಡ ಕಟ್ಟುತ್ತದೆ, ಆಗ ನೀರು ಕುದಿಯುವುದು ಸುಮಾರು 120 ಡಿಗ್ರಿಗೆ. ಈ 20 ಡಿಗ್ರಿ ಹೆಚ್ಚುವರಿ ಶಾಖವೇ ಬೇಯುವ ಹೊತ್ತನ್ನು ಮೂರನೇ ಒಂದಕ್ಕೆ, ಕೆಲವೊಮ್ಮೆ ಅದಕ್ಕೂ ಕಡಿಮೆಗೆ ಇಳಿಸುತ್ತದೆ. ಎತ್ತರದ ಜಾಗಗಳಲ್ಲಿ ಇದರ ಉಪಯೋಗ ಇನ್ನೂ ಹೆಚ್ಚು. ಸುಮಾರು 300 ಮೀಟರ್ ಮೇಲೇರಿದಂತೆ ನೀರು ಒಂದು ಡಿಗ್ರಿ ಕಡಿಮೆಗೇ ಕುದಿಯುತ್ತದೆ, ತೆರೆದ ಪಾತ್ರೆಯಲ್ಲಿಟ್ಟ ಕಾಳು ಗಂಟೆಗಟ್ಟಲೆ ಹಾಗೇ ಕೂತಿರುತ್ತದೆ. 1679ರಲ್ಲಿ ಡೆನಿಸ್ ಪಾಪಿನ್ ಈ ಪಾತ್ರೆಯ ಮೊದಲ ರೂಪ ಮಾಡಿದ್ದೇ ಯಾರೂ ತಿನ್ನದ ಗಟ್ಟಿ ಮೂಳೆಗಳನ್ನು ಮೆತ್ತಗೆ ಬೇಯಿಸಿ ಅದರ ಸತ್ವ ತೆಗೆಯಲೆಂದು. ಹುಟ್ಟುವಾಗಲೇ ಇದು ಮಿತವ್ಯಯದ ಪಾತ್ರೆ.

ಇಂಧನದ ಉಳಿತಾಯ ಎಲ್ಲರ ಕಣ್ಣಿಗೂ ಬೀಳುತ್ತದೆ. ಅದಕ್ಕಿಂತ ದೊಡ್ಡ ಉಳಿತಾಯ ಸಾಮಾನಿನ ಪಟ್ಟಿಯಲ್ಲಿದೆ. ಒಣ ಕಾಳು, ಇಡಿ ಧಾನ್ಯ, ಗಟ್ಟಿ ಮಾಂಸ, ಮೂಳೆ, ಬಲಿತ ತರಕಾರಿ ಇವೆಲ್ಲ ಅಗ್ಗ. ಅಗ್ಗವಾಗಿರುವುದಕ್ಕೆ ಒಂದು ಕಾರಣ, ಬೇಯಲು ಹೊತ್ತು ಬೇಕು ಎಂಬುದೇ. ಆ ಹೊತ್ತನ್ನು ಕುಕ್ಕರ್ ಇಳಿಸುತ್ತದೆ. 100 ಗ್ರಾಂ ಒಣ ಕಡಲೆಕಾಳು ಬೆಂದ ಮೇಲೆ 220ರಿಂದ 250 ಗ್ರಾಂ ಆಗುತ್ತದೆ. ಡಬ್ಬಿಯಲ್ಲಿ ಬೇಯಿಸಿಟ್ಟು ಮಾರುವ ಕಾಳಿನ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಬರೀ ನೀರು. ಬೆಲೆ ಹೋಲಿಸುವಾಗ ಒಣ ಕಾಳಿನ ಕಿಲೋ ಬೆಲೆಯನ್ನು ಎರಡೂಕಾಲರಿಂದ ಭಾಗಿಸಿ, ಆಮೇಲೆ ಡಬ್ಬಿಯ ಕಾಳಿನ ಬೆಲೆಯ ಪಕ್ಕ ಇಡಿ. ಅದೂ ಡಬ್ಬಿಯ ನೀರು ಬಸಿದ ಮೇಲಿನ ತೂಕಕ್ಕೆ.

ಉಳಿಸದ ಕಡೆಯನ್ನೂ ಹೇಳಬೇಕು. ಒಂದೂವರೆ ಕಿಲೋ ತೂಗುವ ಅಲ್ಯೂಮಿನಿಯಂ ಕುಕ್ಕರ್ ತನ್ನ ಮೈ ಕಾಯಿಸಿಕೊಳ್ಳಲಿಕ್ಕೇ ಸುಮಾರು 400 ಮಿಲಿಲೀಟರ್ ತಣ್ಣೀರು ಕುದಿಸುವಷ್ಟು ಶಾಖ ನುಂಗುತ್ತದೆ. ಐದಾರು ನಿಮಿಷದಲ್ಲಿ ಬೇಯುವ ಸೊಪ್ಪು, ಎಳೆ ತರಕಾರಿ, ಮೊಟ್ಟೆಗೆಲ್ಲ ಕುಕ್ಕರ್ ಇಟ್ಟರೆ ನಷ್ಟವೇ. ಮುಚ್ಚಳ ಮುಚ್ಚಿದ ತೆಳು ಪಾತ್ರೆ ಸಾಕು. ತೆರೆದ ಪಾತ್ರೆಯಲ್ಲಿ 15 ನಿಮಿಷಕ್ಕಿಂತ ಹೆಚ್ಚು ಬೇಕಾಗುವುದು ಮಾತ್ರ ಕುಕ್ಕರಿಗೆ, ಈ ಗೆರೆ ಹಾಕಿಕೊಂಡರೆ ಲೆಕ್ಕ ತಪ್ಪುವುದಿಲ್ಲ.

ಗಾತ್ರದ ವಿಷಯದಲ್ಲೇ ಕೊಳ್ಳುವವರು ಹೆಚ್ಚು ಎಡವುವುದು. "ನೆಂಟರು ಬಂದರೆ ಬೇಕಾಗುತ್ತದೆ" ಎಂದು ದೊಡ್ಡದು ತಂದು, ವರ್ಷವಿಡೀ ಅದರ ತಳದಲ್ಲಿ ಎರಡು ಹಿಡಿ ಬೇಳೆ ಬೇಯಿಸುವುದು. ದಿನವೂ ಆ ಹೆಚ್ಚುವರಿ ಲೋಹವನ್ನೂ ಖಾಲಿ ಜಾಗವನ್ನೂ ಕಾಯಿಸಿದ ಖರ್ಚು ನೆಂಟರ ಲೆಕ್ಕಕ್ಕೆ ಹೋಗುತ್ತದೆ. ಕುಕ್ಕರಿನ ಮೇಲೆ ಬರೆದ ಲೀಟರ್ ಎಂದರೆ ಬಾಯಿವರೆಗೆ ತುಂಬಿದ ಅಳತೆ. ಬಳಸಬಹುದಾದದ್ದು ಮೂರನೇ ಎರಡು ಭಾಗ ಮಾತ್ರ. ನೊರೆ ಬರುವ ಬೇಳೆ, ಕಾಳು, ಅಕ್ಕಿಗೆ ಅರ್ಧ. 250 ಗ್ರಾಂ ಒಣ ಬೇಳೆಗೆ 750 ಮಿಲಿ ನೀರು ಹಾಕಿದರೆ ಒಟ್ಟು ಒಂದು ಲೀಟರಿನಷ್ಟಾಗುತ್ತದೆ. 3 ಲೀಟರ್ ಕುಕ್ಕರಿನ ಅರ್ಧ ಒಂದೂವರೆ ಲೀಟರ್. ಅಂದರೆ ನಾಲ್ಕು ಜನರ ದಿನದ ಬೇಳೆಗೆ 3 ಲೀಟರ್ ಧಾರಾಳ. ಒಳಗೆ ಡಬ್ಬಿಗಳನ್ನು ಒಂದರ ಮೇಲೊಂದು ಇಟ್ಟು ಬೇಯಿಸುವವರಿಗೆ 5 ಲೀಟರ್ ಬೇಕು. ಇಬ್ಬರೇ ಇರುವ ಮನೆಗೆ 2 ಲೀಟರ್ ಸಾಕು. ಒಂದು ದೊಡ್ಡದರ ಬದಲು ಒಂದು ಚಿಕ್ಕದು, ಮುಂದೆ ಕೈಯಲ್ಲಿ ದುಡ್ಡಾದಾಗ ಒಂದು ಮಧ್ಯಮ, ಈ ಕ್ರಮವೇ ಒಳ್ಳೆಯದು.

ಇನ್ನು ಮುಚ್ಚಳ. ಒಳಮುಚ್ಚಳದ್ದು ಮೊಟ್ಟೆಯಾಕಾರದ ಬಾಯಿಯೊಳಗೆ ಓರೆಯಾಗಿ ಇಳಿದು, ಒಳಗಿನಿಂದ ಅಂಚಿಗೆ ಒತ್ತಿಕೊಳ್ಳುತ್ತದೆ. ಒತ್ತಡ ಹೆಚ್ಚಿದಷ್ಟೂ ಅದು ಬಿಗಿಯಾಗುತ್ತದೆ, ಒತ್ತಡ ಇಳಿಯುವವರೆಗೆ ತೆಗೆಯಲು ಬರುವುದಿಲ್ಲ. ಇದು ದೊಡ್ಡ ಗುಣ. ಬಾಯಿ ಕಿರಿದು, ಕೈ ಹಾಕಿ ತಿಕ್ಕಲು ಕಷ್ಟ, ಅಗಲ ಡಬ್ಬಿಗಳು ಇಳಿಯುವುದಿಲ್ಲ, ಅಭ್ಯಾಸವಿಲ್ಲದವರ ಕೈಯಲ್ಲಿ ಮುಚ್ಚಳ ಜಾರಿ ಅನ್ನದೊಳಗೆ ಬೀಳುತ್ತದೆ, ಇವು ಕೊರತೆಗಳು. ಹೊರಮುಚ್ಚಳದ್ದು ತಿರುಗಿಸಿ ಹಾಕುವಂಥದ್ದು. ಬಾಯಿ ಅಗಲ, ಡಬ್ಬಿ ಜೋಡಿಸಲು ಸಲೀಸು. ಆದರೆ ಅದನ್ನು ಹಿಡಿದಿಡುವುದು ಅಂಚಿನ ಹಲ್ಲುಗಳು. 20 ಸೆಂಟಿಮೀಟರ್ ಅಗಲದ ಬಾಯಿ ಎಂದರೆ 314 ಚದರ ಸೆಂಟಿಮೀಟರ್. ಪೂರ್ತಿ ಒತ್ತಡ ಕಟ್ಟಿದಾಗ ಆ ಮುಚ್ಚಳವನ್ನು ಮುನ್ನೂರು ಕಿಲೋಗೂ ಹೆಚ್ಚಿನ ಬಲ ಮೇಲಕ್ಕೆ ತಳ್ಳುತ್ತಿರುತ್ತದೆ, ನಾಲ್ಕೈದು ದೊಡ್ಡವರು ಒಟ್ಟಿಗೆ ನಿಂತಷ್ಟು ಭಾರ. ಹಲ್ಲು ಸವೆದ, ಅಂಚು ಬಾಗಿದ ಹೊರಮುಚ್ಚಳದ ಕುಕ್ಕರನ್ನು ಯಾವ ಉಳಿತಾಯದ ನೆಪದಲ್ಲೂ ಒಲೆಗೆ ಏರಿಸಬಾರದು.

ಬರೀ ಬೇಳೆ, ಕಾಳು, ತರಕಾರಿ ಬೇಯಿಸುವ ಮನೆಗೆ ನನ್ನ ಮತ 3 ಲೀಟರಿನ ಒಳಮುಚ್ಚಳದ್ದಕ್ಕೆ. ಎರಡು ಮೂರು ಬಗೆಯನ್ನು ಒಂದೇ ಬಾರಿಗೆ ಬೇಯಿಸಿ ಮುಗಿಸಬೇಕು ಎನ್ನುವವರಿಗೆ 5 ಲೀಟರಿನ ಹೊರಮುಚ್ಚಳದ್ದು.

ಅಲ್ಯೂಮಿನಿಯಂ ಒಳ್ಳೆಯದೋ ಸ್ಟೀಲೋ ಎಂಬ ಚರ್ಚೆಯಲ್ಲಿ ಒಲೆಯನ್ನು ಮರೆಯುತ್ತೇವೆ. ಅಲ್ಯೂಮಿನಿಯಂ ಶಾಖವನ್ನು ಸ್ಟೇನ್‌ಲೆಸ್ ಸ್ಟೀಲಿಗಿಂತ ಹತ್ತು ಪಟ್ಟಿಗೂ ಹೆಚ್ಚು ಚೆನ್ನಾಗಿ ಹರಡುತ್ತದೆ. ಹಾಗಾಗಿ ಅದರಲ್ಲಿ ತಳ ಹಿಡಿಯುವುದು ಕಡಿಮೆ, ಬೆಲೆಯೂ ಕಡಿಮೆ. ಸ್ಟೀಲ್ ಕೊಳ್ಳುವುದಾದರೆ ತಳದಲ್ಲಿ ಎರಡು ಸ್ಟೀಲ್ ಪದರಗಳ ನಡುವೆ ಅಲ್ಯೂಮಿನಿಯಂ ಇಟ್ಟು ಒತ್ತಿದ ಸ್ಯಾಂಡ್‌ವಿಚ್ ತಳ ಇರಲೇಬೇಕು. ಇಲ್ಲದಿದ್ದರೆ ಉರಿ ತಾಗುವ ಉಂಗುರದಷ್ಟೇ ಜಾಗ ಸೀದು ಕಪ್ಪಾಗುತ್ತದೆ. ಇಂಡಕ್ಷನ್ ಒಲೆಗೆ ಬರೀ ಅಲ್ಯೂಮಿನಿಯಂ ಕೆಲಸಕ್ಕೆ ಬಾರದು, ಅಯಸ್ಕಾಂತ ಅಂಟುವ ತಳ ಬೇಕು. ಹುಳಿ ಹೆಚ್ಚಿರುವ ಅಡುಗೆಯನ್ನು ರಾತ್ರಿಯಿಡೀ ಅಲ್ಯೂಮಿನಿಯಂನಲ್ಲಿ ಬಿಟ್ಟರೆ ಲೋಹ ಸಣ್ಣ ಸಣ್ಣ ಕುಳಿ ಬೀಳುತ್ತದೆ. ಬಟ್ಟೆ ಒಗೆಯುವ ಸೋಡಾ ಹಾಕಿ ತಿಕ್ಕಿದರೂ ಹಾಗೇ, ಮೈ ಕಪ್ಪಾಗಿ ಸವೆಯುತ್ತದೆ. ಡಬ್ಬಿ ಇಟ್ಟು ಬೇಯಿಸುವಾಗ ತಳದ ನೀರು ಅಲ್ಯೂಮಿನಿಯಂ ಅನ್ನು ಕಪ್ಪು ಮಾಡುತ್ತದೆ. ಹಿಂಡಿ ಬಿಸಾಡುವ ನಿಂಬೆ ಸಿಪ್ಪೆ ಒಂದನ್ನು ಆ ನೀರಿಗೆ ಹಾಕಿದರೆ ಕಪ್ಪಾಗುವುದಿಲ್ಲ. ಆಗಲೇ ಕಪ್ಪಾಗಿದ್ದರೆ ಕಪ್ಪಿನ ಗೆರೆ ಮುಳುಗುವಷ್ಟು ನೀರಿಗೆ ಎರಡು ಚಮಚ ವಿನೆಗರ್ ಹಾಕಿ ಹತ್ತು ನಿಮಿಷ ಕುದಿಸಿ.

ಅಂಗಡಿಯಲ್ಲಿ ನೋಡಬೇಕಾದ್ದು ಹೆಚ್ಚೇನಿಲ್ಲ. ಅಳತೆಪಟ್ಟಿಯ ಅಂಚನ್ನು ತಳಕ್ಕೆ ಅಡ್ಡ ಹಿಡಿದು ನಡುವೆ ಬೆಳಕು ಕಾಣುತ್ತದೆಯೇ ನೋಡಿ. ತಳ ಉಬ್ಬಿದ್ದರೆ ಬೇಡ. ಮುಚ್ಚಳ ಮುಚ್ಚಿ ತೆಗೆಯುವಾಗ ಸಿಕ್ಕಿಕೊಳ್ಳಬಾರದು. ಹಿಡಿಯ ಸ್ಕ್ರೂ ಲೋಹದ ಬೆಸುಗೆಗೆ ಕೂತಿರಬೇಕು, ಅಲ್ಲಾಡಬಾರದು. ತಳದ ಅಗಲ ನಿಮ್ಮ ಒಲೆಯ ಬರ್ನರಿಗಿಂತ ಹೆಚ್ಚಿರಬೇಕು, ಉರಿ ಪಕ್ಕಕ್ಕೆ ನಾಲಿಗೆ ಚಾಚಿದರೆ ಅಷ್ಟೂ ವ್ಯರ್ಥ, ಮೇಲೆ ಹಿಡಿಯೂ ಸುಟ್ಟುಹೋಗುತ್ತದೆ. ಕೊನೆಗೆ ಅಂಗಡಿಯವರನ್ನು ಒಂದು ಪ್ರಶ್ನೆ ಕೇಳಿ: ಇದರ ಗ್ಯಾಸ್ಕೆಟ್, ಸೇಫ್ಟಿ ವಾಲ್ವ್, ವೇಟ್ ಬಿಡಿಯಾಗಿ ಇದೆಯೇ, ತೋರಿಸಿ. ತೋರಿಸಲಾಗದಿದ್ದರೆ ಬೆಲೆ ಎಷ್ಟೇ ಇಳಿಸಿದರೂ ಆ ಕುಕ್ಕರ್ ಬೇಡ. ಬಿಡಿಭಾಗ ಸಿಗದ ಕುಕ್ಕರಿನ ಆಯುಸ್ಸು ಅದರ ಮೊದಲ ಗ್ಯಾಸ್ಕೆಟ್ಟಿನಷ್ಟೇ.

ವೇಟ್ ಬಗ್ಗೆ ಒಂದು ಮಾತು. ವಿಷಲ್ ಎಂದು ನಾವು ಕರೆಯುವ ಆ ತುಂಡಿನ ತೂಕಕ್ಕೂ ಅದು ಕೂರುವ ನಳಿಕೆಯ ರಂಧ್ರಕ್ಕೂ ಗಟ್ಟಿ ಲೆಕ್ಕವಿದೆ. 3 ಮಿಲಿಮೀಟರ್ ರಂಧ್ರದ ಮೇಲೆ ಪ್ರತಿ ಚದರ ಸೆಂಟಿಮೀಟರಿಗೆ 1 ಕಿಲೋ ಒತ್ತಡ ಹಿಡಿಯಲು ಸುಮಾರು 70 ಗ್ರಾಂ ತೂಕ ಬೇಕು. ಅದೇ 70 ಗ್ರಾಂ ವೇಟನ್ನು 4 ಮಿಲಿಮೀಟರ್ ರಂಧ್ರದ ಮೇಲಿಟ್ಟರೆ ಒತ್ತಡ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ, ಕಾಳು ಬೇಯಲು ಹೆಚ್ಚು ಹೊತ್ತು ಹಿಡಿಯುತ್ತದೆ, ಆವಿ ಸುಮ್ಮನೆ ಹೋಗುತ್ತಿರುತ್ತದೆ. ಎರಡೂವರೆ ಮಿಲಿಮೀಟರಿನ ಮೇಲಿಟ್ಟರೆ ಒತ್ತಡ 1.4 ಕಿಲೋ ದಾಟುತ್ತದೆ, ಅದು ಅಪಾಯ. ಕಳೆದುಹೋದ ವೇಟಿನ ಬದಲು ಇನ್ನೊಂದು ಕುಕ್ಕರಿನದ್ದನ್ನು ಕೂರಿಸಬಾರದು ಎನ್ನುವುದು ಇದಕ್ಕೇ.

ಈಗ ಮುಖ್ಯ ವಿಷಯ, ಉರಿ. ಮೊದಲ ಕೂಗು ಬರುವವರೆಗೆ ಜೋರು ಉರಿ ಸರಿ. ಕೂಗಿತು ಎಂದರೆ ಒಳಗೆ ಬೇಕಾದ ಒತ್ತಡ ಕಟ್ಟಿದೆ ಎಂದರ್ಥ. ಅಲ್ಲಿಂದ ಮುಂದೆ ಒಲೆಯ ಕೆಲಸ ಆ ಒತ್ತಡ ಇಳಿಯದಂತೆ ನೋಡಿಕೊಳ್ಳುವುದಷ್ಟೇ, ಅದಕ್ಕೆ ಚಿಕ್ಕ ಬರ್ನರಿನ ಸಣ್ಣ ಉರಿ ಸಾಕು. ಜೋರು ಉರಿಯಲ್ಲೇ ಬಿಟ್ಟು ನಾಲ್ಕು ಕೂಗು, ಐದು ಕೂಗು ಎಂದು ಎಣಿಸಿದರೆ ಪ್ರತಿ ಕೂಗಿನಲ್ಲೂ ಬೆಲೆ ಕೊಟ್ಟ ಶಾಖ ಗಾಳಿಗೆ ಹೋಗುತ್ತದೆ. ಎಷ್ಟು ಹೋಗುತ್ತದೆ ಎಂದು ಮನೆಯಲ್ಲೇ ಅಳೆಯಬಹುದು. ಸಾಮಾನೆಲ್ಲ ಹಾಕಿ ಮುಚ್ಚಿದ ಕುಕ್ಕರನ್ನು ತಕ್ಕಡಿಯ ಮೇಲಿಟ್ಟು ತೂಕ ಬರೆದುಕೊಳ್ಳಿ. ಬೇಯಿಸಿ, ತಾನಾಗಿ ಆರಿದ ಮೇಲೆ, ತೆರೆಯುವ ಮೊದಲು ಮತ್ತೆ ತೂಗಿ. ಕಡಿಮೆಯಾದಷ್ಟು ಗ್ರಾಂ ಆವಿಯಾಗಿ ಹೋದ ನೀರು. 150 ಗ್ರಾಂ ಕಡಿಮೆಯಾಗಿದ್ದರೆ, ಒಂದು ಲೀಟರಿಗೂ ತುಸು ಹೆಚ್ಚು ತಣ್ಣೀರನ್ನು ಕುದಿ ಬರಿಸುವಷ್ಟು ಶಾಖ ವಿಷಲ್ ದಾರಿಯಲ್ಲಿ ಹೋಗಿದೆ. ನೀರು ಕಾಯುವುದಕ್ಕೆ ಬೇಕಾದ ಶಾಖಕ್ಕಿಂತ ಕುದಿಯುವ ನೀರು ಆವಿಯಾಗುವುದಕ್ಕೆ ಬೇಕಾದದ್ದು ಬಹಳ ಹೆಚ್ಚು, ಅದರಿಂದ ಈ ಲೆಕ್ಕ. ಮರುದಿನ ಅದೇ ಅಳತೆಯ ಸಾಮಾನು ಹಾಕಿ, ಮೊದಲ ಕೂಗಾದ ಮೇಲೆ ಉರಿ ತಗ್ಗಿಸಿ ತೂಗಿ ನೋಡಿ. ವ್ಯತ್ಯಾಸ ತಕ್ಕಡಿಯೇ ತೋರಿಸುತ್ತದೆ.

ಉರಿ ಎಷ್ಟು ತಗ್ಗಿಸಬೇಕು? ವೇಟಿನಿಂದ ಸಣ್ಣಗೆ ಸುಯ್ ಎಂಬ ಸದ್ದು ಬರುತ್ತಿರಬೇಕು, ಕೂಗಬಾರದು, ಕೂಗಿದರೂ ಐದಾರು ನಿಮಿಷಕ್ಕೊಮ್ಮೆ. ಸದ್ದು ಪೂರ್ತಿ ನಿಂತರೆ ಉರಿ ಕೂದಲೆಳೆಯಷ್ಟು ಹೆಚ್ಚಿಸಿ. ಇಲ್ಲಿಂದ ಗಡಿಯಾರ ಹಿಡಿಯಿರಿ. ಕೂಗಿನ ಎಣಿಕೆ ಉರಿಯ ಮೇಲೆ, ವೇಟಿನ ಮೇಲೆ, ಎಷ್ಟು ತುಂಬಿದ್ದೀರಿ ಎಂಬುದರ ಮೇಲೆ ಬದಲಾಗುತ್ತದೆ, ಒಬ್ಬರ ಮೂರು ಕೂಗು ಇನ್ನೊಬ್ಬರ ಆರು. ನಿಮಿಷ ಎಲ್ಲರಿಗೂ ಒಂದೇ.

ಮೊದಲ ಕೂಗಿನ ನಂತರದ ನಿಮಿಷಗಳು ಹೆಚ್ಚುಕಡಿಮೆ ಹೀಗೆ. ಬಿಳಿ ಅಕ್ಕಿ ನೇರವಾಗಿ ಹಾಕಿದರೆ 4ರಿಂದ 5, ಡಬ್ಬಿಯಲ್ಲಿಟ್ಟರೆ 8ರಿಂದ 10. ಒಡೆದ ಬೇಳೆ 8ರಿಂದ 10. ಎಂಟು ಗಂಟೆ ನೆನೆದ ಕಡಲೆ, ರಾಜ್ಮಾ 12ರಿಂದ 15. ನೆನೆಯದ ಕಡಲೆ 35ರಿಂದ 45. ಇಡೀ ಆಲೂಗಡ್ಡೆ 12ರಿಂದ 15, ಅರ್ಧಕ್ಕೆ ಹೆಚ್ಚಿದರೆ 8. ನೆನೆಹಾಕುವುದೊಂದರಿಂದಲೇ ಕಡಲೆಯ ಹೊತ್ತು ಮೂರನೇ ಒಂದಾಗುತ್ತದೆ, ಅದಕ್ಕೆ ಬೇಕಾದ ಇಂಧನ ಸೊನ್ನೆ. ರಾತ್ರಿ ಪಾತ್ರೆ ತೊಳೆದಾದ ಮೇಲೆ ಮಾಡುವ ಕೊನೆಯ ಕೆಲಸ ಇದಾಗಲಿ.

ಒಲೆ ಆರಿಸಿದ ಮೇಲೂ ಅಡುಗೆ ನಡೆಯುತ್ತಿರುತ್ತದೆ. ಒತ್ತಡ ತಾನಾಗಿ ಇಳಿಯಲು 8ರಿಂದ 15 ನಿಮಿಷ ಬೇಕು, ಆ ಹೊತ್ತಿನಲ್ಲಿ ಬಹುಪಾಲು ಒಳಗಿನ ಶಾಖ 100 ಡಿಗ್ರಿಯ ಮೇಲೇ ಇರುತ್ತದೆ. ಹಾಗಾಗಿ ಬೇಳೆಗೆ ಎರಡು ಮೂರು ನಿಮಿಷ ಮುಂಚೆಯೇ ಒಲೆ ಆರಿಸಿ ಸುಮ್ಮನೆ ಬಿಡಬಹುದು. ಅವಸರಕ್ಕೆ ಸೌಟಿನಿಂದ ವೇಟ್ ಎತ್ತಿ ಆವಿ ಬಿಡುವುದು, ನಲ್ಲಿಯ ಕೆಳಗೆ ಹಿಡಿದು ತಣ್ಣೀರು ಬಿಡುವುದು ಎಂದರೆ ಈ ಪುಕ್ಕಟೆ ಬೇಯುವಿಕೆಯನ್ನು ಚೆಲ್ಲಿದಂತೆ. ವೇಟ್ ಎತ್ತಿದರೆ ಬೇಳೆಯ ನೊರೆ ನಳಿಕೆಗೆ ನುಗ್ಗಿ ಕಟ್ಟಿಕೊಳ್ಳುತ್ತದೆ, ಮುಂದಿನ ಬಾರಿಯ ತೊಂದರೆಗೆ ಅದೇ ಬೀಜ.

ಡಬ್ಬಿ ಜೋಡಿಸುವುದಾದರೆ ತಳದಲ್ಲಿ 300 ಮಿಲಿ ನೀರು, ಅದರ ಮೇಲೆ ಜಾಲರಿ ಬಿಲ್ಲೆ. ಬೇಯಲು ಹೆಚ್ಚು ಹೊತ್ತು ಬೇಕಾದ್ದು ಕೆಳಗೆ, ಕಡಿಮೆ ಬೇಕಾದ್ದು ಮೇಲೆ. ಡಬ್ಬಿ ಮುಕ್ಕಾಲಿಗಿಂತ ಹೆಚ್ಚು ತುಂಬಬಾರದು, ಬೇಳೆಯ ಡಬ್ಬಿಗೆ ತಟ್ಟೆ ಮುಚ್ಚಬೇಕು. ಹೊತ್ತು ತಾಳೆಯಾಗದಿದ್ದರೆ ಉರಿಯಿಂದ ಸರಿಮಾಡಲು ಹೋಗಬೇಡಿ, ತುಂಡಿನ ಗಾತ್ರದಿಂದ ಸರಿಮಾಡಿ: ತರಕಾರಿ ಬೇಗ ಕರಗಿಹೋಗುತ್ತಿದ್ದರೆ ದಪ್ಪ ಹೋಳು ಹೆಚ್ಚಿ, ಬೇಳೆ ಉಳಿಯುತ್ತಿದ್ದರೆ ಅರ್ಧ ಗಂಟೆ ನೆನೆಹಾಕಿ. ಕಾಳಾದರೆ ಒಮ್ಮೆಗೇ ಅರ್ಧ ಕಿಲೋ ಬೇಯಿಸಿ, ಒಂದು ಹೊತ್ತಿಗೆ ಬೇಕಾದಷ್ಟನ್ನು ಬೇರೆ ಬೇರೆ ಡಬ್ಬಿಗೆ ಹಾಕಿಟ್ಟರೆ ಫ್ರಿಜ್‌ನಲ್ಲಿ ಮೂರು ನಾಲ್ಕು ದಿನ, ಫ್ರೀಜರಿನಲ್ಲಿ ತಿಂಗಳುಗಟ್ಟಲೆ ಇರುತ್ತದೆ. ಕುಕ್ಕರ್ ಒಂದೇ ಸಲ ಕಾದರೆ ಸಾಕು. ಬೆಂದ ಎರಡು ಗಂಟೆಯೊಳಗೆ ಫ್ರಿಜ್ ಸೇರಲಿ, ರಾತ್ರಿಯಿಡೀ ಕುಕ್ಕರಿನಲ್ಲೇ ಬಿಡಬೇಡಿ.

ಕಾಳು ಎಷ್ಟು ಹೊತ್ತಾದರೂ ಬೇಯದಿದ್ದರೆ ಕುಕ್ಕರನ್ನು ದೂರುವ ಮೊದಲು ಮೂರು ಕಡೆ ನೋಡಿ. ಹುಳಿ ಮೊದಲೇ ಹಾಕಿದ್ದೀರಾ? ಹುಳಿ ಕಾಳಿನ ಗೋಡೆಯನ್ನು ಗಟ್ಟಿಯಾಗಿ ಹಿಡಿದಿಡುತ್ತದೆ, ಬೆಂದ ಮೇಲೆ ಹಾಕಿ. ನೀರು ಗಡಸೇ? ಅದರ ಕ್ಯಾಲ್ಸಿಯಂ ಕೂಡ ಅದೇ ಕೆಲಸ ಮಾಡುತ್ತದೆ. ಕಾಳು ಹಳೆಯದೇ? ಸೆಕೆ, ತೇವದಲ್ಲಿ ತಿಂಗಳುಗಟ್ಟಲೆ ಇದ್ದ ಕಾಳು ಒಳಗೇ ಗಟ್ಟಿಯಾಗಿರುತ್ತದೆ. ಅಗ್ಗಕ್ಕೆ ಸಿಕ್ಕಿತೆಂದು ವರ್ಷಕ್ಕಾಗುವಷ್ಟು ಮೂಟೆ ತಂದರೆ ಉಳಿದ ದುಡ್ಡು ಒಲೆಗೆ ಹೋಗುತ್ತದೆ. ಉಪ್ಪು ಹಾಕಿದರೆ ಕಾಳು ಬೇಯದು ಎಂಬ ಮಾತಿದೆ, ಅದರ ಭಯ ಬೇಡ. ನೆನೆಹಾಕುವ ನೀರಿಗೆ ಲೀಟರಿಗೆ ಎರಡು ಚಿಕ್ಕ ಚಮಚ ಉಪ್ಪು ಹಾಕಿದರೆ ಸಿಪ್ಪೆ ಇನ್ನೂ ಮೆತ್ತಗಾಗುತ್ತದೆ. ಅಡುಗೆ ಸೋಡಾ ಚಿಟಿಕೆ ಹಾಕಿದರೂ ಬೇಗ ಬೇಯುತ್ತದೆ ನಿಜ, ಜೊತೆಗೆ ಬಿ1 ಜೀವಸತ್ವವೂ ಹಾಳಾಗುತ್ತದೆ. ಬೇರೆ ದಾರಿ ಇಲ್ಲದಾಗ ಮಾತ್ರ.

ಈ ಪಾತ್ರೆಯಲ್ಲಿ ಬೇಗ ಸವೆಯುವ ಭಾಗ ಒಂದೇ, ಗ್ಯಾಸ್ಕೆಟ್. ದಿನವೂ ಬಳಸಿದರೆ ಸುಮಾರು ಒಂದು ವರ್ಷ ಬರುತ್ತದೆ. ಹೋಗಿದೆಯೋ ಇಲ್ಲವೋ ತಿಳಿಯಲು ಅದನ್ನು ಎರಡು ಬೆರಳ ನಡುವೆ ಮಡಚಿ ಹಿಡಿದು ಬೆಳಕಿಗೆ ತಿರುಗಿಸಿ. ಮಡಿಕೆಯ ಹೊರಬದಿಯಲ್ಲಿ ಕೂದಲಿನಷ್ಟು ತೆಳ್ಳಗಿನ ಬಿರುಕುಗಳು ಕಂಡರೆ, ಬಿಟ್ಟಾಗ ತಕ್ಷಣ ಹಿಂದಿನ ಆಕಾರಕ್ಕೆ ಬರದಿದ್ದರೆ ಅದರ ಕೆಲಸ ಮುಗಿದಿದೆ. ಮುಚ್ಚಳದ ಅಂಚಿನ ತೋಡಿನಲ್ಲಿ ಕೂರದೆ ಸಡಿಲವಾಗಿ ಜೋತು ಬಿದ್ದರೆ ಹಿಗ್ಗಿದೆ. ತಣ್ಣೀರಲ್ಲೋ ಫ್ರೀಜರಿನಲ್ಲೋ ಹತ್ತು ನಿಮಿಷ ಇಟ್ಟರೆ ಕುಗ್ಗಿ ಆ ದಿನದ ಅಡುಗೆ ಸಾಗುತ್ತದೆ, ಮರುದಿನ ಹೊಸದು ತರಬೇಕು. ಹಿಟ್ಟು ಮೆತ್ತಿ, ದಾರ ಸುತ್ತಿ ದಿನ ದೂಡುವುದು ಬೇಡ: ಪಕ್ಕದಿಂದ ಸೋರುವ ಕುಕ್ಕರಿನಲ್ಲಿ ನೀರು ಬತ್ತಿ ತಳ ಸೀದು, ಒಂದು ಗ್ಯಾಸ್ಕೆಟ್ಟಿನ ಬೆಲೆಗಿಂತ ಹೆಚ್ಚು ಇಂಧನ ಹೋಗಿರುತ್ತದೆ. ಬೇಗ ಹಾಳಾಗದಿರಲು ಪ್ರತಿ ಸಲ ಕಳಚಿ, ತೊಳೆದು, ಒರೆಸಿ, ಮೊಳೆಗೆ ನೇತುಹಾಕಿ. ಮುಚ್ಚಳ ಬಿಗಿದು ಇಡಬೇಡಿ. ಒತ್ತಿ ಕೂತ ರಬ್ಬರ್ ಹಾಗೇ ಚಪ್ಪಟೆಯಾಗುತ್ತದೆ.

ಒತ್ತಡ ಕಟ್ಟುತ್ತಿಲ್ಲ ಎಂದರೆ ಆವಿ ಎಲ್ಲಿಂದ ಹೋಗುತ್ತಿದೆ ಎಂದು ನೋಡುವುದು ಮೊದಲ ಕೆಲಸ. ಮುಚ್ಚಳದ ಅಂಚಿನಿಂದಾದರೆ ಗ್ಯಾಸ್ಕೆಟ್, ಅಥವಾ ಅಂಚಿಗೆ ಅಂಟಿದ ಒಂದು ಅಗುಳು. ವೇಟಿನ ಬುಡದಿಂದ ನಿಲ್ಲದೆ ಬರುತ್ತಿದ್ದರೆ ವೇಟಿನ ಒಳಗೆ ಕಸ ಸೇರಿದೆ. ಸೇಫ್ಟಿ ವಾಲ್ವ್‌ನಿಂದಾದರೆ ಅದನ್ನೇ ಬದಲಿಸಬೇಕು. ವಿಷಲ್‌ನಿಂದ ನೀರು ಚಿಮ್ಮಿ ಒಲೆಯೆಲ್ಲ ಹಳದಿಯಾಗುವುದು ಹೆಚ್ಚು ತುಂಬಿದ್ದರಿಂದ, ಇಲ್ಲವೇ ಜೋರು ಉರಿಯಿಂದ. ಅರ್ಧಕ್ಕಿಂತ ಕಡಿಮೆ ತುಂಬಿ, ನಾಲ್ಕು ಹನಿ ಎಣ್ಣೆ ಹಾಕಿ, ಉರಿ ತಗ್ಗಿಸಿದರೆ ನಿಲ್ಲುತ್ತದೆ.

ಸೇಫ್ಟಿ ವಾಲ್ವ್ ಎಂದರೆ ನಿಗದಿತ ಶಾಖ ಮೀರಿದರೆ ಕರಗಿ ದಾರಿ ಬಿಡುವ ಮಿಶ್ರಲೋಹದ ಬಿಲ್ಲೆ. ಅದು ಹಾರಿದರೆ "ಕುಕ್ಕರ್ ಕೆಟ್ಟಿತು" ಎನ್ನಬೇಡಿ. ಅದು ತನ್ನ ಕೆಲಸ ಮಾಡಿದೆ. ಕಾರಣ ಎರಡೇ: ಒಳಗೆ ನೀರು ಬತ್ತಿದೆ, ಅಥವಾ ನಳಿಕೆ ಕಟ್ಟಿದೆ. ಕಾರಣ ಹುಡುಕದೆ ಹೊಸದು ಹಾಕಿದರೆ ಅದೂ ಹಾರುತ್ತದೆ. ಅದರ ಜಾಗದಲ್ಲಿ ಬೋಲ್ಟ್, ನಾಣ್ಯ, ಬೆಸುಗೆ ಇಂಥವನ್ನು ಕೂರಿಸಿದರೆ ಮನೆಯಲ್ಲಿ ಬಾಂಬ್ ಇಟ್ಟಂತೆ, ಇದರಲ್ಲಿ ಉತ್ಪ್ರೇಕ್ಷೆ ಏನೂ ಇಲ್ಲ. ಪ್ರತಿ ಸಲ ಮುಚ್ಚುವ ಮೊದಲು ಮುಚ್ಚಳವನ್ನು ಕಣ್ಣಿಗೆ ಹಿಡಿದು ನಳಿಕೆಯಲ್ಲಿ ಬೆಳಕು ಕಾಣುತ್ತದೆಯೇ ನೋಡಿ. ಕಾಣದಿದ್ದರೆ ಸೂಜಿ ಹಾಕಿ ಬಿಡಿಸಿ. ಹೊರಮುಚ್ಚಳದ ಕೆಲವು ಕುಕ್ಕರಿನ ಅಂಚಿನಲ್ಲಿ ಒಂದು ಸೀಳು ಇರುತ್ತದೆ, ಒತ್ತಡ ಮೀರಿದಾಗ ಗ್ಯಾಸ್ಕೆಟ್ ಅಲ್ಲಿಂದ ಉಬ್ಬಿ ಆವಿಯನ್ನು ಕೆಳಮುಖವಾಗಿ ಬಿಡುತ್ತದೆ. ಅದನ್ನು ಬಿರುಕು ಎಂದು ಮುಚ್ಚಿಸಬೇಡಿ.

ವಿದ್ಯುತ್ ಪ್ರೆಶರ್ ಕುಕ್ಕರ್ ಬಗ್ಗೆ ಚಿಕ್ಕದಾಗಿ: ಮೈಗೆ ಶಾಖ ತಡೆಯುವ ಹೊದಿಕೆ ಇರುವುದರಿಂದ ನಷ್ಟ ಕಡಿಮೆ, ಆವಿ ಬಿಡುವುದಿಲ್ಲ, ಹೊತ್ತು ಮುಗಿದಾಗ ತಾನೇ ಆರುತ್ತದೆ. ಒತ್ತಡ ಮಾತ್ರ ಒಲೆಯ ಕುಕ್ಕರಿಗಿಂತ ಸಾಮಾನ್ಯವಾಗಿ ಕಡಿಮೆ, ಹಾಗಾಗಿ ನಿಮಿಷಗಳು ಹೆಚ್ಚು ಬೇಕು. ಒಳಗಿನ ಸರ್ಕ್ಯೂಟ್ ಹೋದರೆ ರಿಪೇರಿಯ ಖರ್ಚು ಹೊಸದರ ಹತ್ತಿರ ಬರುತ್ತದೆ. ಒಲೆ ಹಚ್ಚಲು ಅವಕಾಶವಿಲ್ಲದ ಕೋಣೆಯಲ್ಲಿರುವವರಿಗೆ ಸರಿ. ಖರ್ಚು ಬಿಗಿಯಾಗಿರುವ ಉಳಿದವರಿಗೆ ನಾಲ್ಕೇ ಬಿಡಿಭಾಗಗಳ ಒಲೆಯ ಕುಕ್ಕರೇ ಮೇಲು.

ಉಳಿಯುತ್ತಿದೆಯೇ ಇಲ್ಲವೇ ಎಂದು ತಿಳಿಯಲು ಗೋಡೆಯ ಕ್ಯಾಲೆಂಡರ್ ಸಾಕು. ಸಿಲಿಂಡರ್ ಜೋಡಿಸಿದ ದಿನ ಒಂದು ಗುರುತು, ಮುಗಿದ ದಿನ ಇನ್ನೊಂದು. ಹಳೆಯ ಅಭ್ಯಾಸದಲ್ಲಿ ಎರಡು ಸಿಲಿಂಡರ್ ಎಷ್ಟು ದಿನ ಬಂತು, ಉರಿ ತಗ್ಗಿಸಿ ನಿಮಿಷ ಎಣಿಸಲು ಶುರು ಮಾಡಿದ ಮೇಲೆ ಎರಡು ಎಷ್ಟು ದಿನ ಬಂತು ಎಂದು ಪಕ್ಕಪಕ್ಕ ಇಡಿ. ಒಂದರ ಲೆಕ್ಕ ನಂಬಬೇಡಿ. ಹಬ್ಬ, ನೆಂಟರು, ಸ್ನಾನದ ನೀರು ಕಾಯಿಸಿದ್ದು ಎಲ್ಲ ಸೇರಿ ಲೆಕ್ಕ ಕೆಡಿಸುತ್ತವೆ.

ಹೊಸದು ಕೊಳ್ಳಲು ಆಗದಿದ್ದರೆ ಬಳಸಿದ್ದನ್ನು ಕೊಳ್ಳಬಹುದು, ತಯಾರಕರ ಹೆಸರು ಮೈಮೇಲೆ ಓದುವಂತಿದ್ದರೆ ಮಾತ್ರ. ಒಳಗೆ ಬೆರಳಾಡಿಸಿ ಕುಳಿಗಳಿವೆಯೇ ನೋಡಿ. ಉಗುರು ಸಿಕ್ಕಿಕೊಳ್ಳುವಷ್ಟು ಆಳವಿದ್ದರೆ ಬಿಟ್ಟುಬಿಡಿ. ಮನೆಗೆ ತಂದ ದಿನವೇ ಗ್ಯಾಸ್ಕೆಟ್, ಸೇಫ್ಟಿ ವಾಲ್ವ್ ಎರಡನ್ನೂ ಬದಲಿಸಿ, ಅದರ ಬೆಲೆಯನ್ನು ಕೊಳ್ಳುವ ಬೆಲೆಗೆ ಮೊದಲೇ ಸೇರಿಸಿಕೊಂಡಿರಿ. ಆಮೇಲೆ ಬರೀ ಅರ್ಧ ಲೀಟರ್ ನೀರು ಹಾಕಿ ಮುಚ್ಚಿ ಒಲೆಗಿಡಿ. ಆವಿ ಬರಲು ಶುರುವಾದಾಗ ಒಣಗಿದ ಸ್ಟೀಲ್ ಚಮಚವನ್ನು ಉದ್ದನೆಯ ಇಕ್ಕಳದಲ್ಲಿ ಹಿಡಿದು ಮುಚ್ಚಳದ ಅಂಚಿನ ಸುತ್ತ ನಿಧಾನಕ್ಕೆ ಒಂದು ಸುತ್ತು ತನ್ನಿ. ಚಮಚದ ಮೇಲೆ ಮಂಜು ಕಟ್ಟಿದ ಕಡೆ ಸೋರಿಕೆಯಿದೆ. ಎಲ್ಲೂ ಕಟ್ಟದೆ, ಮೊದಲ ಕೂಗು ಗಟ್ಟಿಯಾಗಿ ಬಂದು, ಉರಿ ತಗ್ಗಿಸಿದ ಮೇಲೆ ಹತ್ತು ನಿಮಿಷ ಸುಯ್ ಸದ್ದು ಒಂದೇ ಸಮ ಬರುತ್ತಿದ್ದರೆ ಮರುದಿನ ಬೇಳೆ ಹಾಕಬಹುದು.